ಸೋಯ್ಲಾ ಎತ್ತಿಟ್ಟ ಧೂಳು

ಕಾರ್ಮೈನ್ ಮೊದಲ ಸಲ ಲಾಂಡ್ರಿಯೊಳಗೆ ಬಂದಾಗ ಸೋಯ್ಲಾ ಅವನನ್ನು ಬೇಕರಿಯವನೆಂದುಕೊಂಡಳು. ಕಣ್ಣಿನ ರೆಪ್ಪೆ, ಕಿವಿಯ ಸಂದು, ಬೂಟಿನ ದಾರ ಎಲ್ಲಕ್ಕೂ ಮೈದಾ ಮೆತ್ತಿದ ಹಾಗಿತ್ತು. ನ್ಯೂಯಾರ್ಕಿನ ಆ ಎರಡು ಗೋಪುರಗಳು ಕುಸಿದ ಎರಡನೆಯ ವಾರ ಅದು. ನದಿಯ ಈಚೆ, ಕ್ವೀನ್ಸ್‌ನ ರೈಲು ಸೇತುವೆಯ ಕೆಳಗಿದ್ದ ಲಾಂಡ್ರಿಗೆ ಗಾಳಿ ತಿರುಗಿದಾಗ ಮಾತ್ರ ಸುಟ್ಟ ವಾಸನೆ ಬರುತ್ತಿತ್ತು. ಅವನು ಬಟ್ಟೆಯ ಚೀಲವನ್ನು ಕೌಂಟರಿನ ಮೇಲಿಟ್ಟ. ಹಿಡಿದ ಕೈ ಮಾತ್ರ ಬಿಡಲಿಲ್ಲ.

"ಇದನ್ನ ಒಗೆದ್ರೆ ಕೊಳೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ.

"ಇನ್ನೆಲ್ಲಿಗೆ ಸಾರ್, ಚರಂಡಿಗೆ."

ಅವನು ಚೀಲವನ್ನು ಹಿಂದಕ್ಕೆ ಎಳೆದುಕೊಂಡ. "ಹಂಗಾದ್ರೆ ಬೇಡಮ್ಮಾ. ನನ್ನ ತಮ್ಮ ಆಲ್ಡೊ ಆ ಗೋಪುರದ ಕೆಳಗೇ ಇದ್ದಾನೆ. ಲಿಫ್ಟ್ ರಿಪೇರಿಗೆ ಹೋಗಿದ್ದ. ಇನ್ನೂ ಸಿಕ್ಕಿಲ್ಲ."

ಕಾರ್ಮೈನ್ ಆ ಅವಶೇಷಗಳ ಗುಡ್ಡದ ಮೇಲೆ ಕ್ರೇನಿಗೆ ಕಬ್ಬಿಣ ಕಟ್ಟುವ ಕೆಲಸಕ್ಕೆ ಸೇರಿಕೊಂಡಿದ್ದ. ಸೋಯ್ಲಾ ಈಕ್ವೆಡಾರಿನ ಬೆಟ್ಟದ ಮೇಲಿನ ಹಳ್ಳಿಯವಳು. ನವೆಂಬರಿನಲ್ಲಿ ಸತ್ತವರ ದಿನ ಬಂದರೆ ಅಲ್ಲಿ ಅಪ್ಪನ ಸಮಾಧಿಯನ್ನು ಬರಿಗೈಯಲ್ಲೇ ಸವರಿ, ಮಗುವಿನ ಆಕಾರದ ಬ್ರೆಡ್ಡು ಇಟ್ಟು, ಪಕ್ಕದಲ್ಲೇ ಕೂತು ಉಂಡು ಬರುತ್ತಿದ್ದಳು. ಒಬ್ಬ ಮನುಷ್ಯನನ್ನು ಚರಂಡಿಗೆ ಬಿಡುವುದು ಅವಳಿಂದಾಗುವ ಮಾತಾಗಿರಲಿಲ್ಲ.

"ಬಿಟ್ಟು ಹೋಗಿ ಸಾರ್. ಮೊದ್ಲು ಕೊಡವಿ ಎತ್ತಿಡ್ತೀನಿ. ಆಮೇಲೆ ನೀರಿಗೆ ಹಾಕ್ತೀನಿ."

ಹಾಗೆ ಶುರುವಾಯಿತು. ಹಿಂದಿನ ಕೋಣೆಯಲ್ಲಿ ಅವಳು ಪೇಪರು ಹಾಸಿಕೊಂಡು ಕೂರುತ್ತಿದ್ದಳು. ಜೇಬು ಹೊರಳಿಸಿ, ಪ್ಯಾಂಟಿನ ಮಡಿಕೆ ಬಿಚ್ಚಿ, ಮಕ್ಕಳ ತಲೆ ಬಾಚುವ ಮೆತ್ತನೆಯ ಬ್ರಶ್ಶಿನಿಂದ ಗುಡಿಸುತ್ತಿದ್ದಳು. ಬಂದ ಧೂಳನ್ನು ಪೊಟ್ಟಣ ಕಟ್ಟಿ ನೀಲಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಕಾರ್ಮೈನನ ಜೊತೆಯವರೂ ಬಟ್ಟೆ ತಂದರು. ಚಳಿಗಾಲ ಪೂರ್ತಿ ತಂದರು.

ಅಂಗಡಿಯ ಒಡತಿ, ಕೊರಿಯಾದ ಮಿಸೆಸ್ ಯೂನ್, ಒಂದು ಮಾಸ್ಕ್ ತಂದುಕೊಟ್ಟಿದ್ದಳು. ಸೋಯ್ಲಾ ಅದನ್ನು ಕೌಂಟರಿನಲ್ಲಿ ಹಾಕಿಕೊಂಡು ಹಿಂದಿನ ಕೋಣೆಯಲ್ಲಿ ತೆಗೆದಿಡುತ್ತಿದ್ದಳು.

"ಎಲ್ಲ ತಿರುಗಾಮುರುಗಾ ನಿಂದು! ಗಿರಾಕಿ ಮುಂದೆ ಯಾಕೆ ಮಾಸ್ಕು? ಧೂಳಿನ ಮುಂದೆ ಹಾಕ್ಕೊಳ್ಳೇ, ಕತ್ತೆ!" ಎಂದು ಯೂನ್ ರೇಗಿದಳು.

"ಸತ್ತವರ ಮುಂದೆ ಮೂಗು ಮುಚ್ಕೊಂಡು ಕೂತ್ರೆ ಅವರಿಗೆ ಏನನ್ಸುತ್ತೆ ಅಮ್ಮಾವ್ರೇ? ನಾವು ನಾರ್ತಿದ್ದೀವಿ ಅಂದ್ಕೊಳ್ಳಲ್ವಾ?"

ಯೂನ್ ಗೊಣಗುತ್ತಾ ಕೌಂಟರಿಗೆ ವಾಪಸು ಹೋದಳು.

ಕೆಮ್ಮು ಬೇಸಿಗೆಗೆ ಮೊದಲೇ ಬಂತು, ಆಮೇಲೆ ಹೋಗಲೇ ಇಲ್ಲ. ವರ್ಷಗಳು ಕಳೆದಂತೆ ಅವಳ ಎದೆ ಕುದಿಯುವ ಕೆಟಲಿನ ಹಾಗೆ ಸಿಳ್ಳೆ ಹಾಕತೊಡಗಿತು. ಮನೆಯ ಮೆಟ್ಟಿಲಿನ ನಡುವೆ ಚೀಲ ಇಳಿಸಿ ಕೂರುವುದು, ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುವುದು ರೂಢಿಯಾಯಿತು. ದಿನವೂ ಬಾಯಿಂದ ಎಳೆದುಕೊಳ್ಳಬೇಕಾದ ಉಸಿರಿನ ಪಂಪಿನ ಮದ್ದನ್ನು ಅವಳು ತೀರಾ ಕೆಟ್ಟ ದಿನಕ್ಕಿರಲಿ ಎಂದು ಉಳಿಸುತ್ತಿದ್ದಳು. ಧೂಳಿನ ಆ ನೀಲಿ ಡಬ್ಬಿ ಮನೆಯಲ್ಲಿ ಮೇರಿಮಾತೆಯ ಪಟದ ಕೆಳಗಿತ್ತು.

ಆ ಧೂಳು ಕುಡಿದವರಿಗೆ ಸರ್ಕಾರದಿಂದ ಚಿಕಿತ್ಸೆ ಇದೆಯೆಂದು ಕೇಳಿ ಅವಳು ಒಂದು ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಅವಳ ಭಾಷೆಯಲ್ಲೇ ಮಾತಾಡುವ ಮರಿಸೋಲ್ ಎಂಬ ಹುಡುಗಿ ಇದ್ದಳು.

"ಸೋಯ್ಲಾ ಅಮ್ಮಾ, ನೀವು ಆ ಜಾಗಕ್ಕೆ ಕಾಲೇ ಇಟ್ಟಿಲ್ಲ. ಸೋಪಿನ ಪುಡಿಯಿಂದ ಬಂದ ಕಾಯಿಲೆ ಅಂದುಬಿಡ್ತಾರೆ. ಆ ಧೂಳು ಎಲ್ಲಾದ್ರೂ ಒಂದು ಚಿಟಿಕೆ ಉಳಿದಿದ್ರೆ ತನ್ನಿ. ಪರೀಕ್ಷೆ ಮಾಡ್ಸಿದ್ರೆ ಅವರಿಗೆ ಇಲ್ಲ ಅನ್ನೋಕೆ ಆಗಲ್ಲ."

"ಪರೀಕ್ಷೆ ಅಂದ್ರೆ ಏನು ಮಾಡ್ತಾರಮ್ಮಾ?"

"ಸುಡ್ತಾರೆ, ಆಸಿಡ್ಡಲ್ಲಿ ಕರಗಿಸ್ತಾರೆ. ಯಾಕೆ, ಇದೆಯಾ?"

"ನೋಡ್ತೀನಿ," ಎಂದಷ್ಟೇ ಹೇಳಿ ಸೋಯ್ಲಾ ಎದ್ದಳು.

ಆ ಭಾನುವಾರ ಡಬ್ಬಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಕಾರ್ಮೈನನ ಮನೆಗೆ ಹೋದಳು. ಅವನು ಬಾಗಿಲು ತೆಗೆಯಲು ಬಹಳ ಹೊತ್ತು ಹಿಡಿಯಿತು. ಮೂಗಿಗೆ ಆಮ್ಲಜನಕದ ಕೊಳವೆ ಇತ್ತು. ಅಡುಗೆಮನೆಯ ಮೇಜಿನ ಆಚೆ ಈಚೆ ಕೂತು ಇಬ್ಬರೂ ಏದುಸಿರು ಬಿಡುತ್ತಿದ್ದರು.

"ಗಾಳಿ ಜಾಸ್ತಿ ಇರೋರು ಮಾತು ಶುರು ಮಾಡ್ಲಿ," ಎಂದ ಕಾರ್ಮೈನ್. ಡಬ್ಬಿ ಕಂಡು, "ಬಿಸ್ಕತ್ತು ತಂದ್ಯಾ?" ಎಂದ.

"ನಿಮ್ಮ ತಮ್ಮ ಸಾರ್."

ಅವನು ಡಬ್ಬಿಯತ್ತ ಬಾಗಿದ. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ಅಂದ್ಕೊಂಡಿದ್ದೆ ಕಣಮ್ಮಾ. ನಾನು ಆಚೆ ಹೋಗ್ತಿದ್ದ ಹಾಗೆ ಬಿಸಾಕಿರ್ತೀಯ ಅಂತ."

"ಎತ್ತಿಡ್ತೀನಿ ಅಂದಿದ್ನಲ್ಲ ಸಾರ್."

ಸತ್ತವರ ಮುಂದೆ ಮಾಸ್ಕ್ ಹಾಕದೆ ಕೂತದ್ದನ್ನೂ ಕ್ಲಿನಿಕ್ಕಿನ ಸಂಗತಿಯನ್ನೂ ಅವಳು ತಡೆತಡೆದು ಹೇಳಿದಳು. ಕಾರ್ಮೈನ್ ಅವಳ ಏರಿಳಿಯುವ ಎದೆಯನ್ನೇ ನೋಡುತ್ತಿದ್ದ.

"ತಗೊಂಡು ಹೋಗು," ಎಂದ. "ಆಲ್ಡೊ ಬದುಕಿರೋವರೆಗೂ ಯಾರ ಕೆಲ್ಸಕ್ಕೂ ಆದೋನಲ್ಲ. ಈಗಲಾದ್ರೂ ಆಗ್ಲಿ." ಎದ್ದು ಒಂದು ಚಮಚ ತಂದ. "ಒಂದು ಚಮಚ ಅವರಿಗೆ ಕೊಡು. ಉಳಿದದ್ದು ನಂಗಿರ್ಲಿ. ಅವನ ಸಮಾಧಿ ಕಲ್ಲಿನ ಕೆಳಗೆ ಇವತ್ತಿಗೂ ಏನೂ ಇಲ್ಲ."

ಅವಳು ಮುಚ್ಚಳಕ್ಕೆ ಕೈ ಹಾಕಿದಾಗ ಅವನು ಗದರಿದ: "ಮುಚ್ಕೊ, ಮೂಗು ಮುಚ್ಕೊ! ಆಲ್ಡೊಗೆ ಬೇಜಾರಾಗಲ್ಲ."

ಅವಳು ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡು ಒಂದು ಪೊಟ್ಟಣ ಬಿಚ್ಚಿದಳು. ಬೂದುಬಣ್ಣದ ಹಿಟ್ಟು, ನಡುನಡುವೆ ಗಾಜಿನ ಮಿನುಗು. ಚಮಚ ಅದರ ಮೇಲೆಯೇ ನಿಂತಿತು.

"ನಿಮ್ಮ ತಮ್ಮ ಯಾವ ಚಮಚದಲ್ಲಿದ್ದಾರೋ ಹೆಂಗೆ ಗೊತ್ತಾಗುತ್ತೆ ಸಾರ್?"

ಸೋಯ್ಲಾ ಪೊಟ್ಟಣವನ್ನು ಮೊದಲಿನ ಹಾಗೆಯೇ ಮಡಚಿ, ಮುಚ್ಚಳ ಒತ್ತಿ, ಡಬ್ಬಿಯನ್ನು ಕಾರ್ಮೈನನ ಕಡೆಗೆ ಸರಿಸಿದಳು. ಬೇಡವೆನ್ನಲು ಬಾಯಿ ತೆರೆದವನು ಡಬ್ಬಿಯ ಮೇಲೆ ಎರಡೂ ಕೈ ಇಟ್ಟುಕೊಂಡ.

ಸತ್ತವರ ದಿನದಂದೇ ಅದನ್ನು ಆಲ್ಡೊನ ಕಲ್ಲಿನ ಕೆಳಗೆ ಹೂತರು. ಸ್ಮಶಾನದ ದಿಬ್ಬ ಹತ್ತುವಾಗ ಇಬ್ಬರೂ ಒಂದೊಂದು ಸಮಾಧಿಯ ಅಂಚಿಗೂ ಕೂತು ಕೂತು ಹೋದರು. ಸೋಯ್ಲಾ ಕಲ್ಲಿನ ಬಳಿ ಬ್ರೆಡ್ಡು ಇಟ್ಟಳು. ಅರ್ಧ ಮುರಿದು ಕಾರ್ಮೈನನಿಗೂ ಕೊಟ್ಟಳು.

"ಡಬ್ಬಿಯೊಳಗಿದ್ದ ಆ ಧೂಳನ್ನ ಮಣ್ಣು ಮಾಡಿ ಬಂದ್ವಿ," ಎಂದು ಸೋಯ್ಲಾ ಹೇಳಿದಾಗ ಮರಿಸೋಲ್ ಪೆನ್ನು ಕೆಳಗಿಟ್ಟುಬಿಟ್ಟಳು. ಕಾರ್ಮೈನ್ ಕೊಳವೆ ಸಮೇತ ಬಂದು ಸಾಕ್ಷಿ ಹೇಳಿದ. ಒಬ್ಬನ ಮಾತು ಸಾಲದು, ಲಾಂಡ್ರಿ ಧೂಳಿನ ಪ್ರದೇಶವೆಂದು ಗೊತ್ತುಪಡಿಸಿದ ಜಾಗದ ಹೊರಗಿದೆ, ಚಿಕಿತ್ಸೆ ಕೊಡಲಾಗದು ಎಂದು ಮೇಲಿನಿಂದ ಉತ್ತರ ಬಂತು. ಅದು ಬರುವ ಹೊತ್ತಿಗೆ ಕಾರ್ಮೈನ್ ತಮ್ಮನ ಪಕ್ಕದಲ್ಲಿ ಮಲಗಿದ್ದ.

ಒದ್ದೆ ಬಟ್ಟೆ ಎತ್ತುವ ಶಕ್ತಿ ಅವಳಿಗೆ ಉಳಿದಿಲ್ಲ. ಯೂನ್ ಬೈಯುತ್ತಲೇ ಅವಳನ್ನು ಇಟ್ಟುಕೊಂಡಿದ್ದಾಳೆ. ಈಗ ಸೋಯ್ಲಾ ಅದೇ ಲಾಂಡ್ರಿಯಲ್ಲಿ, ಗಾಳಿ ಬರುವ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಗಿರಾಕಿಗಳ ಕಾಲುಚೀಲಗಳನ್ನು ಜೋಡಿ ಮಾಡುತ್ತಾಳೆ.