ಮೈಕಪ್ಪನ ಹಿತ್ತಾಳೆ ಬಿಲ್ಲೆ

ನಮ್ಮ ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗಿ ಹೇಳುವವನಿಗೆ ಮೈಕಪ್ಪ ಎಂದು ಹೆಸರು ಬಿದ್ದದ್ದು ಮೈಕು ಕೆಟ್ಟ ದಿನ. ಅವತ್ತು ಅವನು ಬರೀ ಗಂಟಲಲ್ಲಿ ಕೂಗಿದ್ದಕ್ಕೆ, ವರ್ಕ್‌ಶಾಪಿನಲ್ಲಿ ಎಂಜಿನ್ ಬಿಚ್ಚಿಟ್ಟಿದ್ದ ಬಸ್ಸೂ ಎರಡು ಮಾರು ಮುಂದೆ ಬಂತು. ಕೂಗುವುದಷ್ಟೇ ಅಲ್ಲ, ಮಹಡಿಯ ಕಿಟಕಿಯಿಂದ ಒಬ್ಬೊಬ್ಬರನ್ನೂ ನೋಡಿ ದಡ ಸೇರಿಸುತ್ತಿದ್ದ. "ಏ ಅಜ್ಜಿ, ಅದಲ್ಲ, ಹಿಂದಿಂದು ಹತ್ತು! ಚೀಲ ಯಾರು ತಗೋತಾರೆ, ನಾನಾ?"

ಪರದೇಶದ ದೊರೆಗಳು ಗಂಟುಮೂಟೆ ಕಟ್ಟಿದ ಮೇಲೆ ನಮ್ಮ ದೊಡ್ಡವರಿಗೆ ಒಂದು ಕೊರಗು ಹತ್ತಿತು: ದೇಶವೇನೋ ಒಂದಾಯಿತು, ನಾಲಿಗೆ ನೂರಾರು ಉಳಿದವಲ್ಲ! ಸಮಿತಿ ಕೂತಿತು. ಕುರ್ಚಿಗಳು ನೆಲಕ್ಕೆ ಬೇರು ಬಿಡುವವರೆಗೂ ಕೂತಿತು. ಕೊನೆಗೆ ಯಾರ ತಾಯಿಗೂ ಬಾರದ ಭಾಷೆಯೊಂದನ್ನು ಹುಡುಕಿ, ಇನ್ನು ಮೇಲೆ ಇದೇ ಎಲ್ಲರ ತಾಯ್ನುಡಿ ಎಂದು ಸಾರಿದರು. ಯಾರಿಗೂ ಅರ್ಥವಾಗದ್ದರಿಂದ ಯಾರಿಗೂ ಹೊಟ್ಟೆಕಿಚ್ಚಾಗಲಿಲ್ಲ. ಐಕ್ಯವೆಂದರೆ ಅದೇ.

ನಿಲ್ದಾಣದ ಬೋರ್ಡುಗಳು ಬದಲಾದವು. ಮೈಕಪ್ಪನೂ ಬದಲಾದ. ತರಬೇತಿ ಮುಗಿಸಿ, 'ದೇಶದ ನಾಲಿಗೆ' ಎಂದು ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಬಂದ. ಹಳೇ ಮಾತಿನಲ್ಲಿ ಕೂಗಿದರೆ ಬಿಲ್ಲೆಯೂ ಇಲ್ಲ, ಕೆಲಸವೂ ಇಲ್ಲ ಎಂದು ಡಿಪೊ ಮ್ಯಾನೇಜರು ಹೆದರಿಸಿದ್ದರು. ಈಗ ಅವನು ಕೂಗುತ್ತಿದ್ದುದರ ತಾತ್ಪರ್ಯ ಇಷ್ಟು: "ಪರಮಾದರಣೀಯ ಯಾತ್ರಿಕವೃಂದವೇ, ಪೂರ್ವದಿಗಭಿಮುಖ ಷಟ್ಚಕ್ರಯಾನವು ನಿರ್ಗಮನೋನ್ಮುಖವಾಗಿದೆ." ಇಷ್ಟು ಮುಗಿಯುವಷ್ಟರಲ್ಲಿ ಯಾನವು ಊರು ದಾಟಿರುತ್ತಿತ್ತು. ಜನ ಮರ್ಯಾದೆಗೆಂದು ಎದ್ದು ನಿಂತು ಮತ್ತೆ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಅವನ ಅಕ್ಕ ಬಂದಳು. ಮಗಳಿಗೆ ಚೊಚ್ಚಲ ಹೆರಿಗೆ, ನೋವು ಶುರುವಾಗಿದೆಯೆಂದು ಫೋನು ಬಂದಿತ್ತು. ಆ ಊರಿಗೆ ದಿನಕ್ಕೆ ಒಂದೇ ಬಸ್ಸು. ಬೋರ್ಡು ಓದಲು ಬಾರದಿದ್ದರೂ ಚೀಲ ತಬ್ಬಿಕೊಂಡು ನಿಶ್ಚಿಂತೆಯಿಂದ ಕೂತಳು. "ಇಲ್ಲಿ ಕೂಗೋದು ನನ್ ತಮ್ಮನೇ. ನಂಗೇನು ಭಯ?" ಎಂದು ಪಕ್ಕದವರಿಗೂ ಧೈರ್ಯ ಹೇಳಿದಳು.

ಬಸ್ಸು ಬಂತು. ಮೈಕಪ್ಪ 'ಪರಮಾದರಣೀಯ'ದಿಂದ ಶುರು ಮಾಡಿದ.

"ಅಯ್ಯೋ, ಯಾವನಿವ್ನು?" ಎಂದಳು ಅಕ್ಕ. "ದೊರೆಗಳೆಲ್ಲ ಹೋದ್ರು ಅಂದ್ರಲ್ಲ, ಒಬ್ಬನ್ನ ಇಲ್ಲೇ ಮರೆತುಬಿಟ್ರಾ?"

ಕಿಟಕಿಯಿಂದ ಮೈಕಪ್ಪ ಅಕ್ಕನನ್ನು ಕಂಡ. ಎರಡನೇ ಸಲ ಇನ್ನೂ ಜೋರಾಗಿ, ಇನ್ನೂ ಶುದ್ಧವಾಗಿ ಕೂಗಿದ. ಅಕ್ಕ ಆಕಳಿಸಿದಳು. ಡ್ರೈವರು ಎಂಜಿನ್ ಚಾಲೂ ಮಾಡಿದ. ಮೆಟ್ಟಿಲಿಳಿದು ಓಡುವಷ್ಟು ಹೊತ್ತಿರಲಿಲ್ಲ. ಕೆಳಗೆ ಡಿಪೊ ಮ್ಯಾನೇಜರು ಬೇರೆ, ಪೇಪರು ಹಿಡಿದು ಕೂತಿದ್ದರು. ಮೈಕಪ್ಪ ಬಿಲ್ಲೆ ಮುಟ್ಟಿಕೊಂಡ, ಆಮೇಲೆ ಮೈಕಿಗೆ ಬಾಯಿಟ್ಟ.

"ಅಕ್ಕಾ! ಏಳೇ! ಮಗಳ ಊರಿನ ಬಸ್ಸು ಹೊರಡ್ತಾ ಇದೆ, ಗಡಿಯಾರದ ಕೆಳಗಿಂದು! ಸೇತುವೆ ದಾಟಿ ಹೋಗೋರೆಲ್ಲ ಅದಕ್ಕೇ ಹತ್ರೋ!"

ನಿಲ್ದಾಣಕ್ಕೆ ನಿಲ್ದಾಣವೇ ಎದ್ದಿತು. ಎಲ್ಲರಿಗಿಂತ ಮುಂದೆ ಓಡಿದವರು ಡಿಪೊ ಮ್ಯಾನೇಜರು. ಸೇತುವೆಯಾಚೆ ಪಟ್ಟಣದಲ್ಲಿ ದೇಶದ ನಾಲಿಗೆಯ ಮೇಲೆ ಭಾಷಣ ಮಾಡಲು ಅವರೂ ಅದೇ ಬಸ್ಸಿಗೆ ಕಾಯುತ್ತಿದ್ದರು. ಮೊದಲಿನ ಎರಡು ಕೂಗನ್ನೂ ತಲೆದೂಗಿ ಆನಂದಿಸಿದ್ದರು, ಪಾಪ.

ಸೀಟು ಸಿಕ್ಕ ಮೇಲೆ ಅವರಿಗೆ ಅಧಿಕಾರ ನೆನಪಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೋ ಮೈಕಪ್ಪ, ನಾಳೆ ಬಂದು ನಿನ್ ಬಿಲ್ಲೆ ಕಿತ್ತು ಬಿಸಾಕ್ತೀನಿ ಕಣೋ!" ಎಂದು ಅರಚಿದರು. ಇದೂ ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು.

ಪಕ್ಕದ ಸೀಟಿನಲ್ಲಿ ಚೀಲ ಸರಿಮಾಡಿಕೊಳ್ಳುತ್ತಿದ್ದ ಅಕ್ಕ ತಿರುಗಿದಳು.

"ಕಿತ್ತು ಹಾಕ್ರೀ ಸ್ವಾಮಿ, ಪುಣ್ಯ ಬರತ್ತೆ. ಅದೇ ಎಲ್ಲೋ ಗಂಟಲಿಗೆ ಚುಚ್ಚಿರ್ಬೇಕು, ಆಗ್ಲಿಂದ ಏನೇನೋ ಅರಚ್ತಿದ್ದ!"