ಮಂಚದಡಿಯ ಕೊರಡು

ಹಸಿ ಮರವನ್ನು ಕೊಯ್ದು, ಕೊಯ್ದ ತುದಿಗೆ ಬಿಸಿ ಮೇಣ ಸವರಿದಾಗ ಒಂದು ವಾಸನೆ ಏಳುತ್ತದೆ. ಆಗತಾನೆ ಆರಿದ ಮೇಣದಬತ್ತಿಯದ್ದು ಅದರಲ್ಲಿ ಅರ್ಧ, ನೆನೆದ ಮರದ ಹೊಟ್ಟಿನದ್ದು ಇನ್ನರ್ಧ. ಇಂಥದ್ದೊಂದು ವಾಸನೆ ನಿಮ್ಮ ಪಾಲಿಗೂ ಎಲ್ಲೋ ಇದ್ದೇ ಇರುತ್ತದೆ. ಹೇಳದೆ ಕೇಳದೆ ಬಂದು ಕೊರಳಪಟ್ಟಿ ಹಿಡಿಯುತ್ತದೆ. ನನ್ನದು ಬಂದದ್ದು ಈ ವಸಂತದಲ್ಲಿ, ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿರುವ ನಮ್ಮ ಮನೆಯ ಗರಾಜಿನಲ್ಲಿ. ಬೀದಿಯ ಕೊನೆಯ ಮನೆಯ ಗಿರಿಜಾ ಆಂಟಿ ಮೈಸೂರಿನ ಸರಸ್ವತಿಪುರಂನವರು. ಅವರು ಮನೆಯ ಮುಂದೆ ಮಗುವಿನಂತೆ ಸಾಕಿದ್ದ ಆಲಿವ್ ಮರ ಚಳಿಗಾಲದ ಹಿಮಕ್ಕೆ ಸಿಕ್ಕಿ ಸತ್ತಿತ್ತು. "ನಸೀಮಾ, ಗೊಟಕ್ ಅಂದ್ಬಿಡ್ತು ಕಣೇ ನನ್ ಗಿಡ. ಅಸೋಸಿಯೇಷನ್ನವ್ರು ರಿಮೂವ್ ಮಾಡಿ, ರಿಮೂವ್ ಮಾಡಿ ಅಂತ ಪ್ರಾಣ ತಿಂತಿದಾರೆ. ನಿಮ್ಮಪ್ಪ ಮರದ ಕೆಲಸದವ್ರು ಅಂತಿದ್ಯಲ್ಲ, ನೀನೇ ತಗೊಂಡ್ಹೋಗು. ಟ್ರ್ಯಾಶಿಗೆ ಹಾಕೋಕೆ ನನ್ ಕೈ ಬರಲ್ಲಮ್ಮ" ಎಂದರು. ತೊಡೆಯಷ್ಟು ದಪ್ಪದ ಕಾಂಡವನ್ನು ಕಾರಿನ ಹಿಂದಿನ ಸೀಟು ಮಡಿಚಿ ಮಲಗಿಸಿಕೊಂಡು ಬಂದೆ.

ಶನಿವಾರ ಬೆಳಿಗ್ಗೆ ಗರಾಜಿನ ಬಾಗಿಲೆತ್ತಿ ಬ್ಯಾಂಡ್ ಸಾ ಶುರುಮಾಡಿದೆ. ಹೊರಗೆ ಒಣಕಲಾಗಿ ಕಂಡ ಕಾಂಡ ಒಳಗೆ ಇನ್ನೂ ಹಸಿಯಾಗಿಯೇ ಇತ್ತು. ಅಲಗು ಇಳಿದಂತೆ ಜೇನಿನ ಬಣ್ಣದ ಮೈ ಬಿಚ್ಚಿಕೊಂಡಿತು, ಅದರ ಮೇಲೆ ಹೊಗೆಯಂಥ ಕಂದು ಗೆರೆಗಳು. ಕಾಂಡವನ್ನು ಉದ್ದಕ್ಕೆ ಎರಡಾಗಿ ಸೀಳಿ, ನಡುವಿನ ತಿರುಳಿನ ಪಟ್ಟಿಯನ್ನು ತೆಗೆದುಹಾಕಿ, ಉಳಿದದ್ದನ್ನು ಲೇಥಿಗೆ ಕೂರುವ ಚೌಕ ತುಂಡುಗಳಾಗಿ ಕೊಯ್ದೆ. ನನ್ನ ಮಗಳು ಝೋಯಾ ಕಿವಿಗೆ ದೊಡ್ಡ ಮಫ್ ಹಾಕಿಕೊಂಡು ನೋಡುತ್ತಿದ್ದಳು. ಗರಗಸ ನಿಂತ ಮೇಲೆ ಕಸದ ಡಬ್ಬಿಯೊಳಗೆ ಇಣುಕಿದಳು. "ಅಮ್ಮಿ, ದಿಸ್ ಈಸ್ ದ ಪ್ರಿಟಿಯೆಸ್ಟ್ ಒನ್. ಯಾಕೆ ಬಿಸಾಕಿದೆ?" ತಿರುಳಿರುವ ತುಂಡು ಒಣಗುವಾಗ ಬಿರುಕು ಬಿಡುತ್ತೆ ಕಣೇ, ಎಂದೆ. ಅಷ್ಟು ಹೇಳಿ, ಹಳೆಯ ಸಾಸ್‌ಪ್ಯಾನಿನಲ್ಲಿ ಕರಗಿದ್ದ ಮೇಣಕ್ಕೆ ಮೊದಲ ತುಂಡಿನ ತುದಿ ಅದ್ದಿದ್ದೇ ತಡ, ಆ ವಾಸನೆ ಬಂತು. ನಾನು ಅಲ್ಲೇ ಪೇಂಟ್ ಡಬ್ಬಿಯ ಮೇಲೆ ಕೂತುಬಿಟ್ಟೆ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮದೊಂದು ಉದ್ದನೆಯ ಮನೆಯಿತ್ತು. ಬೀದಿಗೆ ಮುಖ ಮಾಡಿದ ಕೋಣೆ ಅಬ್ಬಾನ ಕಾರ್ಖಾನೆ, ಹಿಂದಿನದು ನಾವೆಲ್ಲ ಮಲಗುವ ಕೋಣೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು, ಹಿತ್ತಲಲ್ಲಿ ನೀರು ಕಾಯಿಸುವ ಹಂಡೆ. ಕಾರ್ಖಾನೆ ಎಂದರೆ ಏನೇನೋ ಅಂದುಕೊಳ್ಳಬೇಡಿ. ಒಂದು ಲೇಥು, ಗೋಡೆಗೆ ನೇತುಹಾಕಿದ ಉಳಿಗಳು, ಮತ್ತು ಅಬ್ಬಾ. ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ಬುಗುರಿ, ಏನು ಬೇಕಾದರೂ ಕಡೆದು ಕೊಡುತ್ತಿದ್ದರು. ಗಿರಾಕಿಗಳ ಜೊತೆ ಇಡೀ ದಿನ ಕನ್ನಡ, ಮನೆಯೊಳಗೆ ಉರ್ದು. ಅವರ ಬಾಯಲ್ಲಿ ಎರಡೂ ಸಾರು ಕಲಸಿದ ಅನ್ನದಂತೆ ಬೆರೆತುಹೋಗಿದ್ದವು. ಹೊಟ್ಟು ಎಲ್ಲೆಲ್ಲೂ ಇರುತ್ತಿತ್ತು: ನಮ್ಮ ತಲೆಗೂದಲಲ್ಲಿ, ಉಪ್ಪಿನ ಡಬ್ಬಿಯಲ್ಲಿ, ನಮಾಜಿನ ಚಾಪೆಯ ಮಡಿಕೆಯಲ್ಲಿ. ನನ್ನ ಅಮ್ಮಿ ಪೊರಕೆ ಹಿಡಿದೇ ಹುಟ್ಟಿದವಳಂತೆ ಗುಡಿಸುತ್ತಿದ್ದಳು, ಬಯ್ಯುತ್ತಿದ್ದಳು, ಗುಡಿಸಿದ ಹೊಟ್ಟನ್ನೇ ಹಂಡೆಯ ಒಲೆಗೆ ಸುರಿದು ನಮಗೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಹಜ್‌ಗೆ ಹೋಗಿಬಂದ ನೆರೆಯವರು ಒಮ್ಮೆ ಜೈತೂನ್ ಮರದ ತಸ್ಬೀಹ್, ಅಂದರೆ ಜಪಮಣಿಗಳ ಮಾಲೆ, ತಂದುಕೊಟ್ಟರು. ಆಲಿವ್‌ಗೆ ನಮ್ಮ ಮನೆಯ ಹೆಸರು ಜೈತೂನ್. ಅಬ್ಬಾ ಮಾಲೆಯನ್ನು ಕಣ್ಣಿಗೊತ್ತಿಕೊಂಡರು, ಮೂಸಿದರು, ಆಮೇಲೆ ಒಂದೊಂದೇ ಮಣಿ ತಿರುಗಿಸಿ ನೋಡಿ, "ಮರ ಚಿನ್ನ. ಕಡೆದವನು ಮಾತ್ರ ಕತ್ತೆ. ತೂತು ಒಂದೂ ನಡುವಿಗಿಲ್ಲ" ಎಂದರು. ಒಂದೇ ಒಂದು ಹಸಿ ಜೈತೂನಿನ ತುಂಡು ಕೈಗೆ ಸಿಗಲಿ ಎಂಬ ಆಸೆ ಅವರಿಗೆ ಕೊನೆಯವರೆಗೂ ಇತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಗು ಹುಟ್ಟಿ, ಅದರ ಕಿವಿಯಲ್ಲಿ ಅಜಾನ್ ಹೇಳಿ ಮುಗಿದ ಮೇಲೆ, ಅಪ್ಪನಾದವನು ಹಸಿ ಬೀಟೆ ಮರದಿಂದ ಮೊಣಕೈ ಉದ್ದದ ಒಂದು ಕೊರಡು ಕೊಯ್ಯಬೇಕು. ಕರೆಂಟು ಹೋದ ರಾತ್ರಿಗಳಲ್ಲಿ ಉರಿದುಳಿದ ಮೇಣದಬತ್ತಿಯ ತುಣುಕುಗಳನ್ನು ತಗಡಿನ ಡಬ್ಬಿಯಲ್ಲಿ ಕರಗಿಸಿ, ಕೊರಡಿನ ಎರಡೂ ತುದಿಗೆ ಸವರಬೇಕು. ಹಾಗೆ ಮಾಡಿದರೆ ಮರದ ನೀರು ಅವಸರ ಮಾಡದೆ ನಿಧಾನವಾಗಿ ಆರುತ್ತದೆ, ಬಿರುಕು ಬೀಳುವುದಿಲ್ಲ. ಆ ಕೊರಡು ಮಗು ಮಲಗುವ ಮಂಚದ ಕೆಳಗೆ ಇರಬೇಕು. ಮಗು ಬೆಳೆಯುತ್ತದೆ, ಕೊರಡು ಒಣಗುತ್ತದೆ. ನಿಕಾಹ್ ಗೊತ್ತಾದಾಗ ಅದನ್ನು ತೆಗೆದು ಸುರ್ಮಾದಾನಿ ಕಡೆಯಬೇಕು. ಮದುಮಗನೋ ಮದುಮಗಳೋ ಆ ದಿನ ಕಣ್ಣಿಗೆ ಸುರ್ಮಾ ಹಚ್ಚಿಕೊಳ್ಳುವುದು ಅದರಿಂದಲೇ. ಉಳಿದ ಮರ ಮುಂದೆ ಹುಟ್ಟುವ ಮಗುವಿನ ತೊಟ್ಟಿಲಿಗೆ. ಇದೆಲ್ಲ ನಮ್ಮ ಧರ್ಮದಲ್ಲಿ, ದೀನಿನಲ್ಲಿ, ಎಲ್ಲಿದೆ ಎಂದು ಮಸೀದಿಯ ಹಿರಿಯರೊಬ್ಬರು ಕೇಳಿದಾಗ ಅಬ್ಬಾ, "ದೀನಿನಲ್ಲಿಲ್ಲ ಹಜರತ್, ಮರದಲ್ಲಿದೆ" ಎಂದು ಚಾ ತರಿಸಿಕೊಟ್ಟು ಕಳಿಸಿದ್ದರು.

ನನ್ನ ಅಣ್ಣ ಇಮ್ತಿಯಾಜ್ ಮೊದಲ ಮಗು. ಅವನನ್ನು ನಾನು ಭಾಯಿ ಎನ್ನುತ್ತಿದ್ದೆ. ಅವನು ಹುಟ್ಟಿದ ದಿನ ಅಬ್ಬಾಗೆ ಕಾಲು ನೆಲದ ಮೇಲಿರಲಿಲ್ಲವಂತೆ. ಆಗಷ್ಟೇ ಸೀಳಿದ್ದ ಬೀಟೆಯಲ್ಲಿ ಎಲ್ಲಕ್ಕಿಂತ ಚೆಂದ ಕಂಡದ್ದು ನಟ್ಟನಡುವಿನ ಭಾಗ. ಕಪ್ಪು ಗೆರೆಗಳು ಸುತ್ತಿ ಸುತ್ತಿ ಕಣ್ಣಿನಂತೆ ನಿಂತಿದ್ದವು. ಖುಷಿಯ ಭರದಲ್ಲಿ ಅದನ್ನೇ ಕೊಯ್ದುಬಿಟ್ಟರು. ಮಾರನೆಯ ಬೆಳಿಗ್ಗೆ ಬೆಳಕಿನಲ್ಲಿ ನೋಡಿದರೆ ಕೊರಡಿನ ನಡುವೆ ತಿರುಳು. ಕೆಲಸ ಗೊತ್ತಿದ್ದ ಯಾವನೂ ತಿರುಳಿಟ್ಟು ಕೊಯ್ಯುವುದಿಲ್ಲ, ಅದರಲ್ಲೂ ಹತ್ತಾರು ವರ್ಷ ಇಡಬೇಕಾದ್ದನ್ನು. ಆದರೆ ಮಗುವಿನ ಹೆಸರಲ್ಲಿ ಕೊಯ್ದದ್ದನ್ನು ಬದಲಾಯಿಸುವ ಹಾಗಿಲ್ಲ. ಅಬ್ಬಾ ಇನ್ನೊಂದಷ್ಟು ಮೇಣ ಕರಗಿಸಿ ದಪ್ಪಗೆ ಬಳಿದು, ಯಾರಿಗೂ ಹೇಳದೆ ಮಂಚದಡಿ ತಳ್ಳಿದರು.

ಭಾಯಿ ನಡೆಯಲು ಕಲಿತಾಗ ಅವನ ತುಟಿ ನೀಲಿಯಾಗುವುದು ಅಮ್ಮಿಯ ಕಣ್ಣಿಗೆ ಬಿತ್ತು. ಹೃದಯದಲ್ಲಿ ತೂತಿದೆ, ಸ್ವಲ್ಪ ಮೈ ತುಂಬಿಕೊಳ್ಳಲಿ, ಆಮೇಲೆ ಆಪರೇಷನ್ ಮಾಡೋಣ ಎಂದರು ಡಾಕ್ಟರು. ಆ ದಿನವೇ ಅಬ್ಬಾ ಅಮ್ಮಿಯ ಮುಂದೆ ಕೂತು ಕೊರಡಿನ ವಿಷಯ ಹೇಳಿ ಅತ್ತರಂತೆ. ಅಲ್ಲಿಂದ ಮುಂದೆ ನಮ್ಮ ಮನೆಯ ಜೀವವೆಲ್ಲ ಆ ಮಂಚದ ಕೆಳಗಿತ್ತು. ಕೊರಡು ಬಿರುಕು ಬಿಡದಿದ್ದರೆ ಹುಡುಗ ಉಳಿಯುತ್ತಾನೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ನಂಬಿದ್ದೆವು. ಬೇಸಿಗೆಯಲ್ಲಿ ಅದರ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದರು. ಅಮ್ಮಿ ಮಗನಿಗೆ ಮೊಟ್ಟೆ, ಖರ್ಜೂರ, ತುಪ್ಪ ತಿನ್ನಿಸಿ ತಿನ್ನಿಸಿ ಸೋಲುತ್ತಿದ್ದಳು. ಅವನ ಮೈ ತುಂಬಲೇ ಇಲ್ಲ. ಭಾಯಿಗೆ ಮಾತ್ರ ಇದೆಲ್ಲ ಒಂದು ತಮಾಷೆ. ಓಡಲಾಗದವನು ಮಂಚದ ಮೇಲೆ ಬೋರಲು ಮಲಗಿ, ತಲೆ ಕೆಳಗೆ ಇಳಿಬಿಟ್ಟು ಕೊರಡನ್ನು ಪರೀಕ್ಷೆ ಮಾಡಿ, "ನಸ್ಸೀ, ಬಾರೇ ಇಲ್ಲಿ, ನಾನಿನ್ನೂ ಬಿರುಕು ಬಿಟ್ಟಿಲ್ಲ ನೋಡು" ಎಂದು ನಗುತ್ತಿದ್ದ. ನಾನೂ ಪಕ್ಕದಲ್ಲಿ ತಲೆ ಇಳಿಬಿಟ್ಟು ನಗುತ್ತಿದ್ದೆ.

ಒಂದು ಮಧ್ಯಾಹ್ನ ಕಾರ್ಖಾನೆಯ ಹೊಸ್ತಿಲ ಮೇಲೆ ಬುಗುರಿಗೆ ದಾರ ಸುತ್ತುತ್ತಾ ಕೂತಿದ್ದವನು ಹಾಗೇ ಗೋಡೆಗೊರಗಿದ. ನಿದ್ದೆ ಬಂದಿರಬೇಕೆಂದು ಅಬ್ಬಾ ಲೇಥು ನಿಲ್ಲಿಸಿದರು, ಸದ್ದಿಗೆ ಎಚ್ಚರವಾಗದಿರಲಿ ಎಂದು. ಆ ಮನೆಯಲ್ಲಿ ಹಗಲು ಹೊತ್ತು ಅಷ್ಟು ನಿಶ್ಶಬ್ದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಣ್ಣು ಮಾಡಿ ಗಂಡಸರು ಹಿಂದಿರುಗಿದಾಗ ಅಮ್ಮಿ ಮಂಚದಡಿಯಿಂದ ಕೊರಡನ್ನು ಎಳೆದು ತಂದಳು. ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. "ನೋಡಿ! ನಿಮ್ಮ ಮರ ಎಷ್ಟು ನೆಟ್ಟಗಿದೆ ನೋಡಿ! ಮರ ಉಳಿಸ್ಕೊಂಡ್ರಿ, ನನ್ ಮಗನ್ನ ಕಳ್ಕೊಂಡ್ರಿ!" ಎಂದು ಕಿರುಚಿ ಹಿತ್ತಲಿಗೆ ಎಸೆದಳು. ಅಬ್ಬಾ ಹೋಗಿ ಎತ್ತಿಕೊಂಡು, ಅಂಗಿಯ ತುದಿಯಿಂದ ಮಣ್ಣೊರೆಸಿ, ಮತ್ತೆ ಮಂಚದ ಕೆಳಗಿಟ್ಟರು.

ಮರ ಒಣಗಿದೆಯೋ ಇಲ್ಲವೋ ಎಂದು ಅಬ್ಬಾ ನೋಡುತ್ತಿದ್ದದ್ದು ಕೆನ್ನೆಯಿಂದ. ಕೆನ್ನೆಗೆ ಒತ್ತಿದಾಗ ತಣ್ಣಗಿದ್ದರೆ ಒಳಗೆ ನೀರಿದೆ, ಇಲ್ಲದಿದ್ದರೆ ಒಣಗಿದೆ. ಪ್ರತಿ ವರ್ಷ ರಂಜಾನ್ ಕಳೆದ ಮೇಲೆ ಮಂಚದ ಕೆಳಗಿನ ಎರಡೂ ಕೊರಡು ಹೊರಗೆ ಬರುತ್ತಿದ್ದವು, ನನ್ನದೊಂದು, ಭಾಯಿಯದೊಂದು. ನನ್ನದನ್ನು ಬೇಗ ನೋಡಿ ಮುಗಿಸುತ್ತಿದ್ದರು. ಭಾಯಿಯದಕ್ಕೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೂತು, "ಇನ್ನೂ ಹಸಿ ಇದೆ" ಎನ್ನುತ್ತಿದ್ದರು. ಒಣಗಿದ್ದು ಅಮ್ಮಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲವೇ! ಒಣಗಿದೆ ಎಂದರೆ ಕಡೆಯಬೇಕು. ಕಡೆಯುವುದಾದರೂ ಯಾರ ಮದುವೆಗೆ? ಅಮ್ಮಿ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಆ ಕೊರಡನ್ನು ಅವಳು ವರ್ಷಗಟ್ಟಲೆ ಮುಟ್ಟಲಿಲ್ಲ, ಗುಡಿಸುವಾಗ ಪೊರಕೆಯನ್ನೂ ತಾಗಿಸಲಿಲ್ಲ. ನನ್ನ ನಿಕಾಹ್‌ಗೆ ನನ್ನ ಕೊರಡಿನಲ್ಲಿ ಬೆರಳುದ್ದದ ಸುರ್ಮಾದಾನಿ ಕಡೆದುಕೊಟ್ಟರು, ಈಗಲೂ ನನ್ನ ಬಳಿ ಇದೆ. ಭಾಯಿಯದರಲ್ಲೂ ಏನಾದರೂ ಮಾಡಿಕೊಡಿ ಅಬ್ಬಾ, ಜೊತೆಗೆ ಒಯ್ಯುತ್ತೇನೆ ಎಂದು ಕೇಳಿದೆ. ನನ್ನ ತಲೆ ಸವರಿ, "ಅದು ಇನ್ನೂ ಹಸಿ ಇದೆ ಅಮ್ಮಾ" ಎಂದರು.

ಅಬ್ಬಾ ಹೋದದ್ದು ಇಪ್ಪತ್ತೊಂದರ ಬೇಸಿಗೆಯಲ್ಲಿ. ಎಲ್ಲೆಲ್ಲೂ ಆ ಕಾಯಿಲೆಯೇ ಇದ್ದ ಕಾಲ, ಆದರೆ ಅವರದ್ದು ಅದಲ್ಲ. ಮಧ್ಯಾಹ್ನದ ಜೊಹರ್ ನಮಾಜು ಮುಗಿಸಿ ಮಲಗಿದವರು ಏಳಲಿಲ್ಲ. ನಾನು ಹೋಗುವ ಹಾಗಿರಲಿಲ್ಲ; ಹೋದರೆ ವೀಸಾ ಸಿಕ್ಕಿ ಹಿಂದಿರುಗುವುದು ಯಾವಾಗಲೋ, ಝೋಯಾ ಇನ್ನೂ ಚಿಕ್ಕವಳು. ಅಲ್ಲಿ ಸಂಜೆಯಾಗಿದ್ದಾಗ ಇಲ್ಲಿ ಬೆಳಿಗ್ಗೆ. ಪಕ್ಕದ ಕೋಣೆಯಲ್ಲಿ ಝೋಯಾಳ ಆನ್‌ಲೈನ್ ಕ್ಲಾಸಿನ ಟೀಚರು ಮಕ್ಕಳಿಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ನನ್ನ ಖಾಲಾನ, ಅಂದರೆ ಚಿಕ್ಕಮ್ಮನ ಮಗ ಸಲೀಮ ನನಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಹಿತ್ತಲ ಗೋಡೆಗೆ ಒರಗಿಸಿ ನಿಲ್ಲಿಸಿದ್ದ. ಅಬ್ಬಾನ ಮಯ್ಯತ್‌ಗೆ ಸ್ನಾನ ಮಾಡಿಸಲು ಬೋರೆ ಎಲೆ ಹಾಕಿದ ನೀರು ಹಂಡೆಯಲ್ಲಿ ಕಾಯುತ್ತಿತ್ತು, ಸರಿಯಾಗಿ ಕಾಯುತ್ತಲೂ ಇರಲಿಲ್ಲ. ಲೇಥು ನಿಂತು ವರ್ಷಗಳಾಗಿದ್ದವು; ಇಡೀ ಮೊಹಲ್ಲಾಗೆ ಸೌದೆ ಹಂಚಿದ ಮನೆಯಲ್ಲಿ ಒಲೆಗೆ ಒಂದು ಚಕ್ಕೆಯಿಲ್ಲ, ಲಾಕ್‌ಡೌನಿನಲ್ಲಿ ಡಿಪೋ ಮುಚ್ಚಿತ್ತು. ತೆಂಗಿನ ಚಿಪ್ಪು, ಒಡೆದ ಹಣ್ಣಿನ ಪೆಟ್ಟಿಗೆ ಹಾಕಿ ಊದುತ್ತಿದ್ದ ಸಲೀಮ. ಬೆಂಕಿ ಹತ್ತುವುದು, ಆರುವುದು. ಯಾರಾದರೂ ಪಕ್ಕದ ಬೀದಿಯಿಂದ ಸೌದೆ ತರಲಿ ಎಂದು ಒಳಗಿನಿಂದ ಯಾರೋ ಕೂಗಿದರು.

ಆಗ ಅಮ್ಮಿ ಒಳಗಿನಿಂದ ಬಂದಳು. ಎರಡೂ ಕೈಯಲ್ಲಿ ಒಂದು ಕೊರಡನ್ನು, ಮಗುವನ್ನು ಎತ್ತಿಕೊಂಡ ಹಾಗೆ, ಎತ್ತಿಕೊಂಡಿದ್ದಳು. ತುದಿಯ ಮೇಣ ಹಳದಿಗಟ್ಟಿದ್ದರೂ ನನಗೆ ತಕ್ಷಣ ಗುರುತು ಸಿಕ್ಕಿತು. ಬೇಡ ಅಮ್ಮಿ, ಬೇಡ, ಎಂದೆ ನಾನು. ಆ ಗದ್ದಲದಲ್ಲಿ ಫೋನಿನೊಳಗಿನ ನನ್ನ ದನಿ ಯಾರಿಗೆ ಕೇಳಬೇಕು? ಸಲೀಮ ಮಾತ್ರ ಎದ್ದು ಅಡ್ಡ ನಿಂತ. "ಖಾಲಾ, ಅದು ಇಮ್ತಿಯಾಜ್ ಭಾಯಿದಲ್ವಾ? ಇರ್ಲಿ ಬಿಡಿ, ನಾನು ಸೌದೆ ತರ್ತೀನಿ." ಅಮ್ಮಿ ಅವನನ್ನು ಪಕ್ಕಕ್ಕೆ ಸರಿಸಿದಳು. "ಅಪ್ಪನಿಗೆ ಕೊನೇ ಸ್ನಾನ ಮಾಡ್ಸೋದು ಮಗನ ಕೆಲ್ಸ ಕಣೋ. ಅವ್ನೇ ನೀರು ಕಾಯಿಸ್ಲಿ." ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೊರಡನ್ನು ಎತ್ತಿ, ಅಬ್ಬಾ ಹಿಡಿಯುತ್ತಿದ್ದಂತೆಯೇ ಹಿಡಿದು, ಕೆನ್ನೆಗೆ ಒತ್ತಿಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ, ಒಳಗೆ ಮಲಗಿದ್ದವರಿಗೆ ಹೇಳುವಂತೆ, "ಒಣಗಿದೆ" ಎಂದಳು. ಅದನ್ನು ಬೆಂಕಿಗಿಟ್ಟಳು. ಮೊದಲು ಮೇಣ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಚಟ್ ಎಂದು ಸಿಡಿದ ಸದ್ದು ನನಗೆ ಇಲ್ಲಿ, ಫೋರ್ಟ್ ಮಿಲ್‌ನಲ್ಲಿ ಕೇಳಿಸಿತು. ಅಷ್ಟು ವರ್ಷ ಕಾದ ಬಿರುಕು ಅದು.

ಅಮ್ಮಿಯೂ ಅದಾದ ಮೇಲೆ ಹೆಚ್ಚು ಕಾಲ ಇರಲಿಲ್ಲ. ಮನೆ ಈಗ ಬೇರೆಯವರದು. ಕಾರ್ಖಾನೆಯಿದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆಂದು ಸಲೀಮ ಹೇಳಿದ. ಝೋಯಾ ಹುಟ್ಟಿದಾಗ ನಾನು ಯಾವ ಕೊರಡನ್ನೂ ಎತ್ತಿಡಲಿಲ್ಲ. ಧೈರ್ಯ ಬರಲಿಲ್ಲ, ಅಷ್ಟೇ.

"ಅಮ್ಮಿ, ಆರ್ ಯು ಓಕೆ?" ಎಂದಳು ಝೋಯಾ. ನಾನು ಜೈತೂನಿನ ಒಂದು ತುಂಡನ್ನು ಅವಳ ಕೆನ್ನೆಗೆ ಒತ್ತಿದೆ. ಅವಳು ಬೆಚ್ಚಿ ನಕ್ಕಳು. "ಕೋಲ್ಡ್ ಇದೆ!"

"ಹಾಗಾದ್ರೆ ಇನ್ನೂ ಹಸಿ ಇದೆ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ತುಂಡುಗಳಿಗೆಲ್ಲ ಮೇಣ ಸವರಿ, ನಡುವೆ ಕಡ್ಡಿಯಿಟ್ಟು, ಒಂದರ ಮೇಲೊಂದು ಪೇರಿಸಿದೆವು. ಪ್ಯಾನಿನ ತಳದಲ್ಲಿ ಇನ್ನೂ ಸ್ವಲ್ಪ ಮೇಣ ಉಳಿದಿತ್ತು. ಕಸದ ಡಬ್ಬಿಯಲ್ಲಿ ಬಿದ್ದಿದ್ದ ತಿರುಳಿನ ಪಟ್ಟಿಯನ್ನು ಹೊರತೆಗೆದು, ಅಂಗಿಯ ತುದಿಯಿಂದ ಒರೆಸಿ, ಅದರ ಎರಡೂ ತುದಿಗಳನ್ನು ಅದ್ದಿದೆ. ಅದು ಬಿರುಕು ಬಿಡುತ್ತದೆ, ನನಗೆ ಗೊತ್ತು. ಬಿಡುವವರೆಗೆ ಇರಲಿ ಎಂದು ಒಳಗೆ ತಂದು ನನ್ನ ಮಂಚದ ಕೆಳಗಿಟ್ಟೆ.