ಹರಿಹರದ ಗಾಡಿಗೆ ಕಾದ ಗೇಟು

ಗಿರಣಿಗಳ ಊರಾದ ದಾವಣಗೆರೆಯಲ್ಲಿ ನೂಲು ತೆಗೆದವರನ್ನು ನೆನೆಯುವವರಿದ್ದಾರೆ. ಅವರೆಲ್ಲ ಒಳಗೆ ಕಾಲಿಟ್ಟ ಗಳಿಗೆಯನ್ನು ಬರೆದಿಟ್ಟವರನ್ನು ನೆನೆಯುವವರು ಕಡಿಮೆ. ಆ ಕೆಲಸವನ್ನು ಇಪ್ಪತ್ತೊಂಬತ್ತು ವರ್ಷ ಮಾಡಿ ಈಗ ನಿವೃತ್ತರಾಗುತ್ತಿರುವವರು ನಮ್ಮ ಗಿರಣಿಯ ಟೈಮ್ ಕೀಪರ್ ಜನಾಬ್ ಮಸ್ತಾನಸಾಬರು.

1970ರಲ್ಲಿ ಗೇಟಿನ ಕಿಟಕಿಯಲ್ಲಿ ಕುಳಿತಂದಿನಿಂದ ಅವರ ಮುಂದೊಂದು ಪೆಟ್ಟಿಗೆ. ಬಂದವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಅದರಲ್ಲಿ ಹಾಕಬೇಕು. ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆಗೆ ಬೀಗ, ಆಮೇಲೆ ಬಂದವರ ಹೆಸರಿಗೆ ತಡ. ಆದರೆ ಹರಿಹರದ ಪ್ಯಾಸೆಂಜರ್ ಗಾಡಿ ತಡವಾದ ದಿನ ಸಾಬರಿಗೆ ಬೀಗದಕೈ ಸಿಗುತ್ತಲೇ ಇರಲಿಲ್ಲ. ಜೇಬು, ಚೀಲ, ಟೋಪಿಯೊಳಗೆಲ್ಲ ಹುಡುಕುತ್ತಿದ್ದರು. ಗಾಡಿಯವರು ಏದುಸಿರು ಬಿಡುತ್ತ ಬಂದು ಬಿಲ್ಲೆ ಹಾಕಿದೊಡನೆ ಸಿಗುತ್ತಿತ್ತು.

ಕಳೆದ ವರ್ಷ ಬಿಲ್ಲೆ ಹೋಗಿ ಕಾರ್ಡು, ಕಂಪ್ಯೂಟರು ಬಂದವು. ಅದನ್ನು ಕೂಡಿಸಲು ಬಂದ ಇಂಜಿನಿಯರ್ ಆಶಾರಾಣಿ, “ತಡ ಆದೋರಿಗೆ ಎಷ್ಟು ನಿಮಿಷ ಬಿಡ್ತೀರಿ ಸಾಬ್ರೇ?” ಎಂದು ಕೇಳಿದರು. ಇದು ಮೇಲಿನವರು ಒಡ್ಡಿದ ಬಲೆಯೆಂದು ಸಾಬರಿಗೆ ಅನುಮಾನ.

“ಬಿಡೋದೇನೈತೆ ತಾಯಿ? ಏಳಂದ್ರ ಏಳು.”

ಯಂತ್ರಕ್ಕೂ ಹಾಗೆಯೇ ಕಲಿಸಲಾಯಿತು.

ಮೊದಲ ತಿಂಗಳಲ್ಲೇ ಹರಿಹರದಿಂದ ಬರುವ ನೀಲಕ್ಕನ ಹೆಸರಿಗೆ ಮೂರು ತಡ ಬಿದ್ದವು. ಇನ್ನೊಂದಾದರೆ ಕೆಲಸದಿಂದ ತೆಗೆಯುವುದಾಗಿ ನೋಟೀಸು.

“ಕಂಪ್ಯೂಟ್ರಿಗೆ ಟೋಪಿ ಇಲ್ಲೇನ್ರಿ ಸಾಬ್ರೇ, ಬೀಗದಕೈ ಹುಡುಕಾಕೆ?” ಎಂದಳಾಕೆ. ನಗುತ್ತಲೇ ಅಂದು, ನೋಟೀಸನ್ನು ಕಿಟಕಿಯೊಳಗೆ ಅವರ ಮುಂದೆ ಚಾಚಿದಳು.

ಅದೇ ಮಧ್ಯಾಹ್ನ ಸಾಬರು ತಮ್ಮ ಇಪ್ಪತ್ತೆಂಟು ವರ್ಷದ ಹುಡುಕಾಟವನ್ನೆಲ್ಲ ಬರೆದು, ಸಹಿ ಮಾಡಿ, ಮ್ಯಾನೇಜರ್ ಪರಮೇಶ್ವರಪ್ಪನವರ ಮೇಜಿನ ಮೇಲಿಟ್ಟರು.

“ಆಕೀನ ತಗೀಬ್ಯಾಡ್ರಿ. ಸುಳ್ಳು ಹೇಳಿದಾಂವ ನಾನು, ನನ್ನ ತಗೀರಿ.”

“ಇನ್ನೊಂದು ವರ್ಷ ಸುಮ್ಕಿರಾಕೆ ಏನಾಗಿತ್ರೀ ನಿಮಗೆ?” ಎಂದು ಪರಮೇಶ್ವರಪ್ಪನವರು ಸಿಡುಕಿದರು. ಕಲೆಯಿಲ್ಲದ ಸೇವಾಪುಸ್ತಕದಲ್ಲಿ ಒಂದು ಎಚ್ಚರಿಕೆ ಬಿತ್ತು. ನೀಲಕ್ಕನ ನೋಟೀಸು ಹಿಂದಕ್ಕೆ ಹೋಯಿತು. ಗಾಡಿ ತಡವಾದರೆ ಒತ್ತಲೆಂದು ಆಶಾರಾಣಿಯವರು ಯಂತ್ರಕ್ಕೊಂದು ಗುಂಡಿ ಇಟ್ಟುಕೊಟ್ಟರು. ಆದರೆ ಒತ್ತಿದವರ ಹೆಸರು, ಹೊತ್ತು ಎರಡೂ ಆ ಕ್ಷಣವೇ ಮೇಲಿನ ಆಫೀಸಿನಲ್ಲಿ ಅಚ್ಚಾಗುತ್ತವೆ. ಕದ್ದು ಕರುಣೆ ತೋರುವ ಕಾಲ ಮುಗಿಯಿತು. ಸಾಬರು ಒಂದು ವರ್ಷವಿಡೀ ತಮ್ಮ ಹೆಸರಿನಲ್ಲೇ ಒತ್ತಿದರು.

ನಾಳೆಯಿಂದ ಯಾರು ಒತ್ತುತ್ತಾರೆಂಬ ಅನುಮಾನ ಅವರಿಗಿದೆ. ಆ ಕಿಟಕಿಯಲ್ಲಿ ಕೂರಬೇಕಾದ ನಮಗೂ ಇದೆ. ಮಸ್ತಾನಸಾಬರು ನೂರು ವರ್ಷ ಬಾಳಲಿ. ಗಾಡಿ ತಡವಾದ ಬೆಳಿಗ್ಗೆಗಳಲ್ಲಿ ಗೇಟಿನವರೆಗೂ ನಡೆದು ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ನಮ್ಮ ಬೆರಳನ್ನೇ ನೋಡುತ್ತ ನಿಲ್ಲಲಿ.